ಬಾಲಚುಕ್ಕಿಯ ನೀರು

(ಕೊಟ್ಟೂರಿನ ಒಂದು ಮನೆಯ ಮಾಳಿಗೆ. ಭರತ ಹುಣ್ಣಿಮೆ ಸಮೀಪಿಸಿದೆ. ಮಾತನಾಡುತ್ತಿರುವವರು ಇಬ್ಬರು: ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಯ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಹಿರಿಯರು, ಹಗರಿಬೊಮ್ಮನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ರೇಡಿಯೋ ಖಗೋಳವಿಜ್ಞಾನವನ್ನು ಅಭ್ಯಸಿಸುತ್ತಿರುವ ಅವರ ತಮ್ಮನ ಮಗಳು.)

ಹಿರಿಯರು: 1970ರ ಬೇಸಗೆಯಲ್ಲಿ ಬೆನೆಟ್ ಎಂಬ ಬಾಲಚುಕ್ಕಿಯನ್ನು ನಾನು ನಸುಕಿನಲ್ಲೆದ್ದು ಹೊಲದ ಬದುವಿನ ಮೇಲೆ ನಿಂತು ನೋಡಿದವನು, ತಾಯಿ, ಆಮೇಲೆ ಹ್ಯಾಲಿಯನ್ನೂ, 1997ರಲ್ಲಿ ಹೇಲ್-ಬಾಪನ್ನೂ, ಈಚೆಗೆ 2024ರ ಅಕ್ಟೋಬರಿನಲ್ಲಿ ಮೋಡ ಸರಿದ ಒಂದು ಸಂಜೆ ಪಡುವಣದಲ್ಲಿ ತ್ಸುಚಿನ್‌ಶಾನ್-ಅಟ್ಲಾಸನ್ನೂ ಕಂಡೆ. ಅಷ್ಟು ದೊಡ್ಡ ಬೆಳಕಿನ ವಸ್ತುವನ್ನು ಕಣ್ಣಿನಿಂದ ನೋಡುವುದು ಸಹಜ. ದೊಡ್ಡ ಕಣ್ಣು ಬೇಕಾದರೆ ದೂರದರ್ಶಕವಿದೆ. ಆದರೆ ನೀನು ಅದನ್ನು ರೇಡಿಯೋ ಅಲೆಗಳಲ್ಲಿ ಅರಸುವೆನೆನ್ನುತ್ತೀಯೆ. ಕಣ್ಣಿಗೆ ನಿಲುಕದೆ ಆ ಅಲೆಗಳಿಗೆ ಮಾತ್ರ ನಿಲುಕುವಂಥದು ಅದರಲ್ಲಿ ಏನಿದೆ?

ಕಿರಿಯಳು: ಬಹಳವಿದೆ, ದೊಡ್ಡಪ್ಪ. ಬಾಲಚುಕ್ಕಿಯ ನಿಜವಾದ ಒಡಲು ಅತಿ ಚಿಕ್ಕದು. 1986ರ ಮಾರ್ಚಿನಲ್ಲಿ ಜಿಯೋಟ್ಟೋ ನೌಕೆ ಆರುನೂರು ಕಿಲೋಮೀಟರಿನಷ್ಟು ಹತ್ತಿರದಿಂದ ಹ್ಯಾಲಿಯ ಚಿತ್ರ ತೆಗೆದಾಗ ಕಂಡದ್ದು ಸುಮಾರು 15 ಕಿಲೋಮೀಟರ್ ಉದ್ದದ, ಇದ್ದಲಿಗಿಂತ ಕಪ್ಪಾದ ಒಂದು ಹಿಮಶಿಲೆ. ಅದು ಈ ಊರಿನಿಂದ ಹೊರಟರೆ ಕೂಡ್ಲಿಗಿಯವರೆಗೂ ಚಾಚದು. ನೀವು ಆಕಾಶದಲ್ಲಿ ಕಂಡ ವೈಭವವೆಲ್ಲವೂ, ಸೂರ್ಯನ ಕಾವಿಗೆ ಆ ಶಿಲೆಯ ಹಿಮ ದ್ರವವಾಗದೆಯೇ ನೇರವಾಗಿ ಆವಿಯಾಗಿ, ಧೂಳನ್ನೂ ಎಳೆದುಕೊಂಡು ಲಕ್ಷಾಂತರ ಕಿಲೋಮೀಟರ್ ಹರಡಿಕೊಂಡದ್ದರ ಫಲ. ಆ ಆವಿ ಯಾವ ಯಾವ ದ್ರವ್ಯಗಳದು, ಎಷ್ಟೆಷ್ಟು, ಯಾವ ವೇಗದಿಂದ ಹೊರಬೀಳುತ್ತಿದೆ ಎಂಬುದನ್ನು ತಿಳಿದರೆ ಶಿಲೆಯೊಳಗೆ ಏನಿದೆಯೆಂಬುದನ್ನು ಅದನ್ನು ಮುಟ್ಟದೆಯೇ ತಿಳಿದಂತಾಗುತ್ತದೆ. ಕಣ್ಣಿಗೆ ಕಾಣುವ ಬೆಳಕು ಇದನ್ನು ಅರ್ಧ ಮಾತ್ರ ಹೇಳುತ್ತದೆ. ಏಕೆಂದರೆ ಬಾಲಚುಕ್ಕಿಯ ತಲೆಯ ಹಸುರು ಹೊಳಪು ಬರುವುದು ಎರಡು ಇಂಗಾಲ ಪರಮಾಣುಗಳು ಕೂಡಿದ ತುಣುಕಿನಿಂದ. ಜೊತೆಗೆ ಸಯನೋಜನ್ ತುಣುಕಿನ ನೇರಳೆ ಬೆಳಕೂ ಇರುತ್ತದೆ. ಇವು ಹಿಮದಲ್ಲಿದ್ದ ದ್ರವ್ಯಗಳಲ್ಲ. ಅಲ್ಲಿದ್ದ ಪೂರ್ಣ ಅಣುಗಳನ್ನು ಸೂರ್ಯನ ನೇರಳಾತೀತ ಕಿರಣಗಳು ಒಡೆದ ಮೇಲೆ ಉಳಿದ ಚೂರುಗಳು. ಒಡೆಯುವುದಕ್ಕೆ ಮುಂಚಿನ ಅಣುಗಳನ್ನು ಅವುಗಳ ಸ್ವಂತ ಹೆಸರಿನಿಂದ ಗುರುತಿಸುವುದು ರೇಡಿಯೋ ದೂರದರ್ಶಕದ ಕೆಲಸ.

ಹಿರಿಯರು: ಸಯನೋಜನ್ ಎಂದೆಯಲ್ಲ, ಅದನ್ನು ನಮ್ಮಜ್ಜನ ಕಾಲದವರು ಕೇಳಿದ್ದರು. 1910ರ ಮೇ ತಿಂಗಳಲ್ಲಿ ಭೂಮಿ ಹ್ಯಾಲಿಯ ಬಾಲವನ್ನು ಹಾಯುವುದೆಂದು ಪತ್ರಿಕೆಗಳಲ್ಲಿ ಬಂದಾಗ, ಆ ಬಾಲದಲ್ಲಿ ವಿಷವಾಯುವಿದೆಯೆಂಬ ಮಾತೂ ಜೊತೆಯಲ್ಲೇ ಬಂದು, ಲೋಕವೆಲ್ಲ ನಡುಗಿತಂತೆ. ಬಾಲಚುಕ್ಕಿ ಮೂಡಿದರೆ ಅರಸನಿಗೆ ಕೇಡು, ಬೆಳೆಗೆ ಕೇಡು ಎಂಬ ನಂಬಿಕೆ ನಮ್ಮಲ್ಲಿ ವರಾಹಮಿಹಿರನ ಬೃಹತ್ಸಂಹಿತೆಯಷ್ಟು ಹಳೆಯದು. ಕೇತುಗಳ ಫಲವನ್ನು ಹೇಳಲು ಅವನು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ನಮ್ಮ ಸೀಮೆಯ ಜನ ಅದನ್ನು ನಂಬಿದ್ದಕ್ಕೆ ನಾನು ಅವರನ್ನು ಹಳಿಯಲಾರೆ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಪಟ್ಟ ಪಾಡನ್ನು ಕಂಡವರ ಮೊಮ್ಮಕ್ಕಳು ಅವರು. ಮಳೆಯನ್ನು ಬಿಟ್ಟರೆ ಬೇರೆ ಗತಿಯಿಲ್ಲದ ನೆಲದಲ್ಲಿ ಬಾಳಿದವರು, ಆಕಾಶದಲ್ಲಿ ಹೊಸದೊಂದು ಮೂಡಿದರೆ ಅಳುಕದೆ ಇರಬೇಕೆನ್ನುವುದು ನ್ಯಾಯವಲ್ಲ.

ಕಿರಿಯಳು: ನಾನೂ ಹಳಿಯುವುದಿಲ್ಲ. ಅಷ್ಟೇ ಅಲ್ಲ, ಆ ವಿಷವಾಯುವಿನ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಅಮೆರಿಕದ ಯರ್ಕ್ಸ್ ವೀಕ್ಷಣಾಲಯದವರು ಹ್ಯಾಲಿಯ ಬೆಳಕಿನಲ್ಲಿ ಸಯನೋಜನ್ ಗುರುತನ್ನು ಕಂಡದ್ದು ನಿಜ. ತಪ್ಪಿದ್ದು ಪ್ರಮಾಣದಲ್ಲಿ. ಆ ಸಯನೋಜನಿನ ಮೂಲವೆನಿಸಿದ ಹೈಡ್ರೋಜನ್ ಸಯನೈಡ್ ಅಣುವನ್ನು ಅದರ 88.6 ಗಿಗಾಹರ್ಟ್ಸ್ ಗೆರೆಯಲ್ಲಿ, ಎಂದರೆ ಮೂರೂವರೆ ಮಿಲಿಮೀಟರಿಗೆ ತುಸು ಕಡಮೆಯಾದ ತರಂಗಾಂತರದಲ್ಲಿ, 1973-74ರ ಕೋಹೌಟೆಕ್ ಧೂಮಕೇತುವಿನಲ್ಲಿ ಮೊದಲು ಅರಸಿದರು. ಹ್ಯಾಲಿ ಮರಳಿ ಬಂದಾಗ ಸ್ಪೇನಿನ ಗ್ರನಾಡಾ ಬಳಿಯ ಬೆಟ್ಟದ ಮೇಲಿನ 30 ಮೀಟರ್ ತಟ್ಟೆಯಿಂದ ಸಂದೇಹಕ್ಕೆ ಎಡೆಯಿಲ್ಲದಂತೆ ಅಳೆದರು. ಸಾಮಾನ್ಯವಾಗಿ ಸಾವಿರ ನೀರಿನ ಅಣುಗಳಿಗೆ ಒಂದರಂತೆ ಅದು ಇರುತ್ತದೆ. ಬಾಲವಾದರೋ ನಮ್ಮ ಪ್ರಯೋಗಶಾಲೆಗಳ ನಿರ್ವಾತಕ್ಕಿಂತಲೂ ವಿರಳವಾದದ್ದು. 1910ರಲ್ಲಿ ಯಾರಿಗೂ ಏಕೆ ಏನೂ ಆಗಲಿಲ್ಲವೆಂಬುದಕ್ಕೆ ಆ ಲೆಕ್ಕವೇ ಉತ್ತರ. ಅಜ್ಜನವರಿಗೆ ಹೆಸರು ದೊರೆತಿತ್ತು, ತೂಕ ದೊರೆತಿರಲಿಲ್ಲ. ಭಯಕ್ಕೆ ಹೆಸರೊಂದೇ ಸಾಕಾಯಿತು.

ಹಿರಿಯರು: ಅಣು ರೇಡಿಯೋ ಅಲೆಯನ್ನು ಹೊರಡಿಸುವುದಾದರೂ ಹೇಗೆ? ಅದಕ್ಕೇನು ಆಕಾಶವಾಣಿಯ ಕಂಬವಿದೆಯೆ?

ಕಿರಿಯಳು: ಅಣುವೇ ಕಂಬ. ಯಾವ ಅಣುವಿನಲ್ಲಿ ವಿದ್ಯುದಂಶ ಒಂದು ಕಡೆಗೆ ತುಸು ಹೆಚ್ಚು, ಇನ್ನೊಂದು ಕಡೆಗೆ ತುಸು ಕಡಮೆ ಇರುತ್ತದೆಯೋ ಅದು ತಿರುಗುವಾಗ ಅಲೆಯನ್ನು ಹೊರಡಿಸಬಲ್ಲದು. ಆದರೆ ಅದು ಮನಬಂದ ವೇಗದಲ್ಲಿ ತಿರುಗಲಾರದು. ಪ್ರಕೃತಿ ಅದಕ್ಕೆ ಕೆಲವೇ ನಿಯತವಾದ ಮೆಟ್ಟಿಲುಗಳನ್ನು ಗೊತ್ತುಮಾಡಿದೆ. ಮೇಲಿನ ಮೆಟ್ಟಿಲಿನಿಂದ ಕೆಳಗಿನದಕ್ಕೆ ಇಳಿಯುವಾಗ ಆ ಎರಡರ ಅಂತರಕ್ಕೆ ಸರಿಯಾದ ಕಂಪನಾಂಕದ ಅಲೆಯೊಂದು ಹೊರಬೀಳುತ್ತದೆ. ಈ ಕಂಪನಾಂಕಗಳು ಅಣುವಿನಿಂದ ಅಣುವಿಗೆ ಬೇರೆ. ಒಂದರದು ಇನ್ನೊಂದರದಕ್ಕೆ ಹೊಂದದು. ಧೂಮಕೇತುವಿನ ಸುತ್ತಣ ಅನಿಲ ಅತಿ ಶೀತಲ, ಸೊನ್ನೆಗಿಂತ ಇನ್ನೂರು ಡಿಗ್ರಿಯ ಆಸುಪಾಸಿನಷ್ಟು ಕೆಳಗೂ ಇಳಿದಿರಬಹುದು. ಅಂಥ ಚಳಿಯಲ್ಲಿಯೂ ತಿರುಗುವುದೊಂದನ್ನು ಅಣು ಬಿಡುವುದಿಲ್ಲವಾದ್ದರಿಂದ ಮಿಲಿಮೀಟರ್ ಅಲೆಗಳಲ್ಲಿ ಅದನ್ನು ಕಾಣಬಹುದು. ಮೆಥನಾಲ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸಲ್ಫೈಡ್, ಇಂಗಾಲದ ಮಾನಾಕ್ಸೈಡ್ ಇವೆಲ್ಲವೂ ಹೀಗೆ ದೊರೆತವು. ಹೇಲ್-ಬಾಪ್ ಬಂದಾಗ ಫಾರ್ಮಿಕ್ ಆಮ್ಲ, ಫಾರ್ಮಮೈಡ್ ಮೊದಲಾದ ಜಟಿಲವಾದ ಸಾವಯವ ಅಣುಗಳು ಒಂದರ ಮೇಲೊಂದು ಕಂಡುಬಂದವು. 2015ರಲ್ಲಿ ಲವ್‌ಜಾಯ್ ಎಂಬ ಧೂಮಕೇತುವಿನಲ್ಲಿ ಎಥನಾಲನ್ನೂ, ಸರಳ ಸಕ್ಕರೆಯೆನ್ನಬಹುದಾದ ಗ್ಲೈಕಾಲ್ಡಿಹೈಡನ್ನೂ ಗುರುತಿಸಿದರು.

ಹಿರಿಯರು: ಹಾಗಾದರೆ ಈ ಉಪಾಯಕ್ಕೆ ತಪ್ಪಿಸಿಕೊಳ್ಳುವುದು ಯಾವುದೂ ಇಲ್ಲವೆನ್ನು.

ಕಿರಿಯಳು: ಇದೆ. ಎರಡೂ ಕಡೆ ಸಮವಾಗಿರುವ ಅಣುಗಳು ಇಲ್ಲಿ ಮೂಕ. ಇಂಗಾಲದ ಡಯಾಕ್ಸೈಡ್, ಮೀಥೇನ್, ಸಾರಜನಕ ಇವು ಎಷ್ಟು ತಿರುಗಿದರೂ ರೇಡಿಯೋ ಅಲೆಯನ್ನು ಹೊರಡಿಸವು. ಮೊದಲೆರಡಕ್ಕೆ ಅವಕೆಂಪು ಕಿರಣಗಳನ್ನು ನೋಡುವ ಬೇರೆ ಸಾಧನ ಬೇಕು. ಇನ್ನು ಎಲ್ಲಕ್ಕಿಂತ ಮುಖ್ಯವಾದ ನೀರಿನ ಕಥೆಯೇ ವಿಚಿತ್ರ. ನೀರಿನ ಅಣು ರೇಡಿಯೋದಲ್ಲಿ ಚೆನ್ನಾಗಿಯೇ ಮಾತನಾಡುತ್ತದೆ. ಆದರೆ ನಮ್ಮ ವಾಯುಮಂಡಲದಲ್ಲಿಯೂ ನೀರಿನ ಆವಿಯಿರುವುದರಿಂದ, ದೂರದ ನೀರಿನ ಧ್ವನಿಯನ್ನು ಈ ಹತ್ತಿರದ ನೀರೇ ನುಂಗಿಬಿಡುತ್ತದೆ. ಅದರ 557 ಗಿಗಾಹರ್ಟ್ಸ್ ಗೆರೆಯನ್ನು ನೆಲದ ಮೇಲಿನಿಂದ ಕಾಣುವುದು ಸಾಧ್ಯವೇ ಇಲ್ಲ. ಓಡಿನ್, ಹರ್ಷೆಲ್ ಎಂಬ ಉಪಗ್ರಹ ದೂರದರ್ಶಕಗಳು ವಾಯುಮಂಡಲವನ್ನು ದಾಟಿ ಹೋಗಿ ಅದನ್ನು ಕಂಡವು. ರೊಸೆಟ್ಟಾ ನೌಕೆಯಂತೂ ಮೂವತ್ತು ಸೆಂಟಿಮೀಟರಿನ ಪುಟ್ಟ ತಟ್ಟೆಯನ್ನು ಹೊತ್ತು ಧೂಮಕೇತುವಿನ ಬಳಿಯಲ್ಲೇ ನೆಲೆಸಿ ಕೇಳಿತು.

ಹಿರಿಯರು: ನೆಲದ ಮೇಲಿರುವವರು ನೀರನ್ನು ಅಳೆಯುವುದು ಹೇಗೆ ಮತ್ತೆ? ಈ ಐದು ತಾಲೂಕುಗಳಲ್ಲಿ ಹುಟ್ಟಿದವರಿಗೆ ಮಿಕ್ಕ ಅನಿಲಗಳ ಹೆಸರು ಮರೆತೀತು; ನೀರಿನ ಲೆಕ್ಕ ಮರೆಯದು.

ಕಿರಿಯಳು: ನಾನು ಈ ವಿಷಯವನ್ನು ಹಿಡಿದದ್ದೂ ಅದಕ್ಕೇ, ದೊಡ್ಡಪ್ಪ. ನೀರಿನ ಅಣುವನ್ನು ಸೂರ್ಯನ ನೇರಳಾತೀತ ಕಿರಣ ಒಡೆದಾಗ ಒಂದು ಜಲಜನಕ ಪರಮಾಣು ಹಾರಿಹೋಗಿ, ಆಮ್ಲಜನಕ ಮತ್ತು ಜಲಜನಕಗಳು ಒಂದೊಂದು ಕೂಡಿದ ಹೈಡ್ರಾಕ್ಸಿಲ್ ಎಂಬ ತುಣುಕು ಉಳಿಯುತ್ತದೆ. ಆ ತುಣುಕು 18 ಸೆಂಟಿಮೀಟರ್ ತರಂಗಾಂತರದಲ್ಲಿ ತನ್ನ ಗುರುತನ್ನು ತೋರುತ್ತದೆ. ಅದರ ಎರಡು ಮುಖ್ಯ ಗೆರೆಗಳು 1665 ಮತ್ತು 1667 ಮೆಗಾಹರ್ಟ್ಸಿನಲ್ಲಿವೆ. ಈ ಅಲೆಗೆ ಮೋಡ ಅಡ್ಡಿಯಲ್ಲ, ಹಗಲು ಅಡ್ಡಿಯಲ್ಲ. ಧೂಮಕೇತುಗಳು ಸೂರ್ಯನಿಗೆ ಹತ್ತಿರವಾಗಿ ಅತ್ಯಂತ ಚಟುವಟಿಕೆಯಿಂದಿರುವಾಗಲೇ ಕಣ್ಣಿನ ದೂರದರ್ಶಕಗಳಿಗೆ ಹಗಲಿನ ಬೆಳಕಿನಲ್ಲಿ ಮರೆಯಾಗುತ್ತವಷ್ಟೆ. ರೇಡಿಯೋ ತಟ್ಟೆಗೆ ಆ ತೊಡಕಿಲ್ಲ. ಹೈಡ್ರಾಕ್ಸಿಲ್ ಎಷ್ಟಿದೆಯೆಂದು ಅಳೆದು, ಅದು ಎಷ್ಟು ಕಾಲ ಒಡೆಯದೆ ಬಾಳುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಪ್ರತಿ ಕ್ಷಣ ಎಷ್ಟು ನೀರು ಹೊರಬೀಳುತ್ತಿದೆಯೆಂಬುದು ತಿಳಿಯುತ್ತದೆ. ಮೊದಲು ಇದನ್ನು ಸಾಧಿಸಿದವರು ಫ್ರಾನ್ಸಿನ ನಾನ್ಸೇ ಎಂಬಲ್ಲಿಯ ದೂರದರ್ಶಕದವರು ಮತ್ತು ಅಮೆರಿಕದ ಗ್ರೀನ್ ಬ್ಯಾಂಕಿನವರು, ಅದೇ ಕೋಹೌಟೆಕ್ ಧೂಮಕೇತುವಿನಲ್ಲಿ. ಅದು 1973ರ ಡಿಸೆಂಬರ್ 28ರಂದು ಸೂರ್ಯನನ್ನು ಬಳಸಿತು. ನಾನ್ಸೇಯವರು ಡಿಸೆಂಬರಿನಲ್ಲಿ ನೋಡಿದಾಗ ಗೆರೆ ಹಳ್ಳದಂತೆ ಕೆಳಗಿಳಿದಿತ್ತು, ಅಂದರೆ ಹಿಂದಿನಿಂದ ಬರುವ ಅಲೆಯನ್ನು ಅನಿಲ ಹೀರುತ್ತಿತ್ತು. ಜನವರಿಯಲ್ಲಿ ನೋಡಿದಾಗ ಅದೇ ಗೆರೆ ಗುಡ್ಡದಂತೆ ಮೇಲೆದ್ದಿತ್ತು.

ಹಿರಿಯರು: ಒಂದೇ ಅನಿಲ ಒಮ್ಮೆ ಹೀರುವುದು, ಒಮ್ಮೆ ಸೂಸುವುದು! ಇದಕ್ಕೆ ಕಾರಣ ಹೇಳದೆ ಮುಂದೆ ಹೋಗಬೇಡ.

ಕಿರಿಯಳು: ಹೇಳುತ್ತೇನೆ; ಇದು ನನಗೆ ಬಹಳ ಪ್ರಿಯವಾದ ಭಾಗ. ಹೈಡ್ರಾಕ್ಸಿಲಿಗೆ ಒಂದಕ್ಕೊಂದು ಅತಿ ಸಮೀಪವಾದ ಎರಡು ಸ್ಥಿತಿಗಳಿವೆ, ಒಂದು ಮೇಲಣದು, ಒಂದು ಕೆಳಗಣದು. ಯಾವುದರಲ್ಲಿ ಎಷ್ಟು ಅಣುಗಳು ನಿಲ್ಲಬೇಕೆಂಬುದನ್ನು ನಿರ್ಣಯಿಸುವವನು ಸೂರ್ಯ. ಅಣು ಸೂರ್ಯನ ನೇರಳಾತೀತ ಕಿರಣವನ್ನು ಹೀರಿ ಮೇಲೆದ್ದು ಮತ್ತೆ ಕೆಳಗಿಳಿಯುವಾಗ ಈ ಎರಡರಲ್ಲಿ ಒಂದಕ್ಕೆ ಬಂದು ಸೇರುತ್ತದೆ. ಆದರೆ ಸೂರ್ಯನ ಬೆಳಕು ಎಡೆಬಿಡದೆ ಸಮನಾದದ್ದಲ್ಲ, ಅದರ ವರ್ಣಪಟಲದಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳಿವೆ. ಧೂಮಕೇತು ಸೂರ್ಯನೆಡೆಗೆ ಧಾವಿಸುವಾಗ ಆ ಗೆರೆಗಳು ಅದಕ್ಕೆ ಒಂದು ಕಡೆಗೆ ಸರಿದು ಕಾಣುತ್ತವೆ, ಸೂರ್ಯನಿಂದ ದೂರ ಸರಿಯುವಾಗ ಇನ್ನೊಂದು ಕಡೆಗೆ. ಅಣುವಿಗೆ ಬೇಕಾದ ಕಿರಣ ಕೆಲವೊಮ್ಮೆ ಕಪ್ಪು ಗೆರೆಯ ಮೇಲೆ ಬೀಳುತ್ತದೆ, ಕೆಲವೊಮ್ಮೆ ಬೆಳಕಿನ ಮೇಲೆ. ಬೆಲ್ಜಿಯಮಿನ ಪೋಲಿಡೋರ್ ಸ್ವಿಂಗ್ಸ್ ಎಂಬುವರು ಕಣ್ಣಿನ ಬೆಳಕಿನ ವಿಷಯದಲ್ಲಿ ಇದನ್ನು 1941ರಲ್ಲಿಯೇ ವಿವರಿಸಿದ್ದರು. ರೇಡಿಯೋದಲ್ಲಿ ಅದರ ಫಲ ಇನ್ನೂ ತೀಕ್ಷ್ಣ. ಮೇಲಣ ಸ್ಥಿತಿಯಲ್ಲಿ ಹೆಚ್ಚು ಅಣುಗಳಿದ್ದರೆ ಹಿಂದಣ ಆಕಾಶದ ಅಲೆಯನ್ನು ಅನಿಲ ವರ್ಧಿಸುತ್ತದೆ. ಕೆಳಗಣದರಲ್ಲಿ ಹೆಚ್ಚಿದ್ದರೆ ಹೀರುತ್ತದೆ. ಆದ್ದರಿಂದ ಧೂಮಕೇತುವಿನ ವೇಗವನ್ನು ತಿಳಿದರೆ ಗುಡ್ಡ ಕಾಣುವುದೋ ಹಳ್ಳ ಕಾಣುವುದೋ ಎಂಬುದನ್ನು ಮೊದಲೇ ಹೇಳಬಹುದು. ಇನ್ನೊಂದು ಸ್ವಾರಸ್ಯವುಂಟು. ವರ್ಧಿಸಲಿ, ಹೀರಲಿ, ಹಿಂದಣ ಅಲೆ ಬಲವಾಗಿದ್ದಷ್ಟೂ ಗೆರೆ ಬಲವಾಗುತ್ತದೆ. ನಮ್ಮ ಕೊಟ್ಟೂರೇಶ್ವರನ ತೇರು ಮೂಲಾ ನಕ್ಷತ್ರದ ದಿನ ಹೊರಡುತ್ತದಲ್ಲವೆ? ಆಕಾಶಗಂಗೆಯ ಕೇಂದ್ರ ಆ ಮೂಲಾ ನಕ್ಷತ್ರಕ್ಕೆ ಸಮೀಪದಲ್ಲಿಯೇ ಇದೆ. ರೇಡಿಯೋ ಅಲೆಗಳಲ್ಲಿ ನೋಡಿದರೆ ಆಕಾಶದ ಅತ್ಯಂತ ಉಜ್ಜ್ವಲವಾದ ಭಾಗಗಳಲ್ಲಿ ಅದೊಂದು. ಧೂಮಕೇತು ಆ ದಿಕ್ಕಿನಲ್ಲಿ ಹಾದುಹೋಗುವಾಗ ನೋಡಿದರೆ ಬೇರೆಡೆ ಕಾಣದಷ್ಟು ಕಡಮೆ ನೀರೂ ಕಾಣಿಸೀತು.

ಹಿರಿಯರು: ಭೇಷ್. ಮೂಲಾ ನಕ್ಷತ್ರವನ್ನು ಇಷ್ಟು ವರ್ಷ ಪಂಚಾಂಗದಲ್ಲಿ ನೋಡಿದ್ದೆನೇ ಹೊರತು ಅದರ ಹಿಂದೆ ಇಂಥ ದೀಪವಿದೆಯೆಂದು ಎಣಿಸಿರಲಿಲ್ಲ. ಆದರೆ ಗುಡ್ಡ, ಹಳ್ಳ ಎಂದು ನೀನು ಸುಲಭವಾಗಿ ಹೇಳುತ್ತೀಯೆ. ಎಷ್ಟು ಎತ್ತರದ ಗುಡ್ಡ ಅದು?

ಕಿರಿಯಳು: ಹೇಳಿದರೆ ನಂಬುವುದು ಕಷ್ಟ. ಚಂದ್ರನ ಮೇಲೆ ಯಾರಾದರೂ ಒಂದು ಮೊಬೈಲ್ ಫೋನನ್ನು ಇಟ್ಟು ಮಾತನಾಡಿದರೆ ರೇಡಿಯೋ ಆಕಾಶದಲ್ಲಿ ಅದು ಪ್ರಬಲವಾದ ಮೂಲಗಳಲ್ಲಿ ಒಂದೆನಿಸೀತು. ಧೂಮಕೇತುವಿನ ಗೆರೆ ಅಂಥ ಪ್ರಬಲ ಮೂಲಗಳಿಗಿಂತ ಎಷ್ಟೋ ಪಾಲು ಕ್ಷೀಣ. ದೂರದರ್ಶಕದ ಸ್ವಂತ ಉಪಕರಣಗಳ ಗುಜುಗುಜು ಅದಕ್ಕಿಂತ ಸಾವಿರಾರು ಪಾಲು ಹೆಚ್ಚು. ಗೆರೆಯ ಅಗಲವೋ ಸುಮಾರು ಹತ್ತು ಕಿಲೋಹರ್ಟ್ಸ್ ಮಾತ್ರ. ಏಕೆಂದರೆ ಅನಿಲ ಶಿಲೆಯಿಂದ ಹೊರಗೆ ಹರಿಯುವುದು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ವೇಗದಲ್ಲಿ. ನಮ್ಮೆಡೆಗೆ ಬರುವ ಪಾಲು ಗೆರೆಯ ಒಂದು ಪಕ್ಕಕ್ಕೆ, ಆಚೆ ಹೋಗುವ ಪಾಲು ಇನ್ನೊಂದು ಪಕ್ಕಕ್ಕೆ ಸರಿದು ಅಷ್ಟು ಅಗಲವಾಗುತ್ತದೆ. ಆದ್ದರಿಂದ ಗೆರೆಯ ಮೇಲೊಮ್ಮೆ, ಪಕ್ಕಕ್ಕೊಮ್ಮೆ ಗ್ರಾಹಕವನ್ನು ತಿರುಗಿಸಿ, ಒಂದರಿಂದ ಇನ್ನೊಂದನ್ನು ಕಳೆದು, ಹೀಗೆ ಗಂಟೆಗಟ್ಟಲೆ ಸೇರಿಸುತ್ತ ಹೋಗಬೇಕು; ಗುಜುಗುಜು ತನ್ನನ್ನು ತಾನೇ ಅಳಿಸಿಕೊಳ್ಳುತ್ತ ಬಂದಂತೆ ಗೆರೆ ಮೆಲ್ಲಮೆಲ್ಲನೆ ತಲೆಯೆತ್ತುತ್ತದೆ. ಬಂದ ಗೆರೆ ಎರಡು ಪಕ್ಕ ಸಮವಾಗಿಲ್ಲದಿದ್ದರೆ ಶಿಲೆಯ ಬಿಸಿಲು ಬಿದ್ದ ಮಗ್ಗುಲಿನಿಂದ ಅನಿಲ ಹೆಚ್ಚು ಚಿಮ್ಮುತ್ತಿದೆಯೆಂದು ಅರಿಯುತ್ತೇವೆ. ಇಷ್ಟಕ್ಕೂ ಬೇಕಾದದ್ದು ನೆಲದ ಮೇಲಣ ಮೌನ. ಮೈಲಾರದಲ್ಲಿ ಉಪವಾಸವಿದ್ದ ಗೊರವಯ್ಯ ಡೆಂಗನಮರಡಿಯಲ್ಲಿ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರಲ್ಲ, ಆ ನಿಶ್ಶಬ್ದವಿಲ್ಲದಿದ್ದರೆ ಕಾರ್ಣಿಕವೆಂಬ ಒಂದೇ ವಾಕ್ಯದ ಭವಿಷ್ಯವಾಣಿ ಯಾರ ಕಿವಿಗೂ ಬೀಳದು. ನಮ್ಮ ಅವಶ್ಯಕತೆಯೂ ಅಂಥದೇ. 1660ರಿಂದ 1670 ಮೆಗಾಹರ್ಟ್ಸಿನವರೆಗಿನ ಪಟ್ಟಿಯನ್ನು ರೇಡಿಯೋ ಖಗೋಳವಿಜ್ಞಾನಕ್ಕೆಂದು ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಗೊತ್ತುಮಾಡಿದ್ದಾರೆ. ಆದರೆ ಹೈಡ್ರಾಕ್ಸಿಲಿನ ಇನ್ನೊಂದು ಗೆರೆ 1612ರಲ್ಲಿದೆ, ಅದರ ಮಗ್ಗುಲಲ್ಲೇ ಇರಿಡಿಯಂ ಉಪಗ್ರಹಗಳು ಮಾತನಾಡುತ್ತವೆ. ಆ ಗೆರೆಯನ್ನು ನೋಡಹೊರಟವರು ಅವುಗಳ ಸದ್ದಿನಿಂದ ಬಹಳ ಕಾಲ ಸಂಕಟಪಟ್ಟಿದ್ದಾರೆ. ಆಕಾಶವೂ ಒಂದು ಊರೊಟ್ಟಿನ ಆಸ್ತಿಯೆಂದೂ, ಗೋಮಾಳವನ್ನು ಉಳಿಸಿಕೊಳ್ಳುವಂತೆ ಈ ಕೆಲವು ಕಂಪನಾಂಕಗಳನ್ನು ಉಳಿಸಿಕೊಳ್ಳಬೇಕೆಂದೂ ನಾನು ದೃಢವಾಗಿ ನಂಬಿದ್ದೇನೆ.

ಹಿರಿಯರು: ಸರಿ, ಇದೆಲ್ಲ ನಾನ್ಸೇ, ಗ್ರೀನ್ ಬ್ಯಾಂಕ್, ಸ್ಪೇನ್. ನಮ್ಮವರು ಇದರಲ್ಲಿ ಏನು ಮಾಡಿದರು?

ಕಿರಿಯಳು: ಧೂಮಕೇತುವಿಗೂ ನಮ್ಮವರಿಗೂ ಹಳೆಯ ನಂಟು. ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯನ್ನು ಕಟ್ಟಿದ ವೈನು ಬಾಪು ಅವರು 1949ರಲ್ಲಿ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಒಂದನ್ನು ಕಂಡುಹಿಡಿದರು. ಬಾಪು-ಬಾಕ್-ನ್ಯೂಕರ್ಕ್ ಎಂದು ಅದಕ್ಕೆ ಹೆಸರು. ಅದು ಕಣ್ಣಿನ ಬೆಳಕಿನ ಮಾತು. ರೇಡಿಯೋಕ್ಕೆ ಬಂದರೆ, ಗುಂಡ್ಲುಪೇಟೆಯ ಆಚೆಗೆ ನೀಲಗಿರಿಯಲ್ಲಿ ಗೋವಿಂದ ಸ್ವರೂಪರು 1970ರಲ್ಲಿ ಸಿದ್ಧಗೊಳಿಸಿದ ಊಟಿ ದೂರದರ್ಶಕವನ್ನು ಹೇಳಬೇಕು. 530 ಮೀಟರ್ ಉದ್ದ, 30 ಮೀಟರ್ ಅಗಲ. ಬೆಟ್ಟದ ಇಳಿಜಾರು ಆ ಅಕ್ಷಾಂಶದಷ್ಟೇ ಓರೆಯಾಗಿರುವ ಸ್ಥಳವನ್ನು ಹುಡುಕಿ ಕಟ್ಟಿದ್ದರಿಂದ ಅದರ ಅಚ್ಚು ಭೂಮಿಯ ಅಚ್ಚಿಗೆ ಸಮಾಂತರವಾಗಿ ನಿಂತಿದೆ. ಅದು ಕೆಲಸ ಮಾಡುವ 326.5 ಮೆಗಾಹರ್ಟ್ಸಿನಲ್ಲಿ ಹೈಡ್ರಾಕ್ಸಿಲಿನ ಗೆರೆ ಇಲ್ಲ. ಆದರೂ ಅವರು ಬೇರೊಂದು ಉಪಾಯ ಹೂಡಿದರು. 1974ರ ಜನವರಿಯಲ್ಲಿ ಕೋಹೌಟೆಕ್ ದೂರದ ಒಂದು ರೇಡಿಯೋ ಮೂಲಕ್ಕೆ ಅಡ್ಡಲಾಗಿ ಸಾಗಿದಾಗ, ಅನಂತಕೃಷ್ಣನ್ ಮತ್ತು ಅವರ ಸಂಗಡಿಗರು ಆ ಮೂಲದ ಮಿನುಗನ್ನು ಗಮನಿಸಿ, ಬಾಲದಲ್ಲಿನ ವಿದ್ಯುತ್ಕಣಗಳ ಏರುಪೇರನ್ನು ಅಳೆಯಲು ಯತ್ನಿಸಿದರು. ಅನಿಲ ತಾನೇ ಮಾತನಾಡದಿದ್ದರೂ ಹಿಂದಿನಿಂದ ಬರುವ ಅಲೆಯನ್ನು ಅದು ಕದಡುವ ರೀತಿಯಿಂದ ಅದರ ಗುಣವನ್ನು ಹಿಡಿಯುವ ದಾರಿ ಅದು. 1985ರ ಕೊನೆಗೆ ಹ್ಯಾಲಿ ಬಂದಾಗ ಅಹಮದಾಬಾದಿನವರೂ ಇದನ್ನೇ ಮಾಡಿದರು. ಮಿನುಗಿನಲ್ಲಿ ಬಾಲದ ಪಾಲೆಷ್ಟು, ಸೌರಮಾರುತದ ಪಾಲೆಷ್ಟು ಎಂಬ ಚರ್ಚೆ ಆಮೇಲೆ ಬಿರುಸಾಗಿಯೇ ನಡೆಯಿತು.

ಹಿರಿಯರು: ರಾಮನ್ನರ ಸಂಸ್ಥೆಯಲ್ಲಿ ಒಂದು ದೊಡ್ಡ ತಟ್ಟೆಯಿತ್ತೆಂದು ಕೇಳಿದ್ದೆ.

ಕಿರಿಯಳು: ಇತ್ತು. ರಾಮನ್ನರ ಮಗ ರಾಧಾಕೃಷ್ಣನ್ 1972ರಲ್ಲಿ ನಿರ್ದೇಶಕರಾದ ಮೇಲೆ ಆ ಸಂಸ್ಥೆಯ ಆವರಣದಲ್ಲಿ 10.4 ಮೀಟರ್ ವ್ಯಾಸದ ಮಿಲಿಮೀಟರ್ ತರಂಗಗಳ ದೂರದರ್ಶಕವೊಂದನ್ನು ಕಟ್ಟಿಸಿದರು. ಮುಪ್ಪಾದ ತಾರೆಗಳ ಸುತ್ತ ಸಿಲಿಕಾನ್ ಮಾನಾಕ್ಸೈಡ್ ಹೊರಡಿಸುವ 86 ಗಿಗಾಹರ್ಟ್ಸ್ ಅಲೆಗಳನ್ನು ಅದರಿಂದ ನೋಡಿದರು. ಧೂಮಕೇತುಗಳ ಹೈಡ್ರೋಜನ್ ಸಯನೈಡಿನ ಗೆರೆ ಅದರ ನೆರೆಮನೆಯೇ. ಬೆಂಗಳೂರಿನ ತೇವದ ಗಾಳಿ ಈ ಅಲೆಗಳಿಗೆ ಹಿತವಲ್ಲ. ಒಣ ಹವೆಯ ಎತ್ತರದ ನೆಲ ಬೇಕು. ಇನ್ನು ಪುಣೆಯ ಬಳಿಯ ಖೋಡದಿನಲ್ಲಿ ನಮ್ಮವರೇ ಕಟ್ಟಿದ 45 ಮೀಟರಿನ 30 ತಟ್ಟೆಗಳಿವೆ. ಲೋಕದ ದೊಡ್ಡ ರೇಡಿಯೋ ದೂರದರ್ಶಕಗಳಲ್ಲಿ ಒಂದು. ಅದರ ಅತ್ಯುಚ್ಚ ಪಟ್ಟಿ 1450 ಮೆಗಾಹರ್ಟ್ಸಿನ ಸುಮಾರಿಗೆ ಮುಗಿಯುತ್ತದೆ. 1665ಕ್ಕೆ ಕೊಂಚವೇ ಕಡಮೆ! ನಮ್ಮ ಕೈಯಲ್ಲಿ ಅಷ್ಟು ದೊಡ್ಡ ಯಂತ್ರವಿದ್ದೂ ಬಾಲಚುಕ್ಕಿಯ ನೀರು ಅದಕ್ಕೆ ಕೇಳಿಸದಿರುವುದು ನನ್ನ ಮನಸ್ಸನ್ನು ಆಗಾಗ ಚುಚ್ಚುತ್ತದೆ. ದಕ್ಷಿಣ ಆಫ್ರಿಕದ ಕರೂ ಬಯಲಿನಲ್ಲಿರುವ ಮೀರ್‌ಕ್ಯಾಟಿನ 64 ತಟ್ಟೆಗಳಿಗೆ ಆ ಪಟ್ಟಿ ಇದೆ. ಸೌರವ್ಯೂಹದ ಹೊರಗಿನಿಂದ ಬಂದ ಮೂರನೆಯ ಅತಿಥಿ 3ಐ/ಅಟ್ಲಾಸ್ ಸೂರ್ಯನ ಸಮೀಪಕ್ಕೆ ಬಂದಿದ್ದಾಗ, 2025ರ ಅಕ್ಟೋಬರ್ 24ರಂದು, ಅವರು ಅದರ 1665, 1667 ಗೆರೆಗಳೆರಡನ್ನೂ ಹಳ್ಳದ ರೂಪದಲ್ಲಿ ಕಂಡರು. ಬೇರೊಂದು ಸೂರ್ಯನ ಮನೆಯಲ್ಲಿ ಹೆಪ್ಪುಗಟ್ಟಿದ ನೀರು, ದೊಡ್ಡಪ್ಪ, ನಮ್ಮ ಸೂರ್ಯನ ಕಾವಿಗೆ ಒಡೆದು, ಇಲ್ಲಿಯ ನೀರಿನದೇ ಗುರುತನ್ನು ತೋರಿತು.

ಹಿರಿಯರು: ಈ ಮಾತಿಗೆ ನಾನು ಸ್ವಲ್ಪ ಹೊತ್ತು ಸುಮ್ಮನಿರಬೇಕು. ... ಆಯಿತು, ಈಗ ಲೆಕ್ಕಕ್ಕೆ ಬಾ. ನೀರು, ನೀರು ಎನ್ನುತ್ತೀಯೆ, ಎಷ್ಟು?

ಕಿರಿಯಳು: ನೀವು ಕಂಡ ಹೇಲ್-ಬಾಪ್ 1997ರ ಏಪ್ರಿಲ್ 1ರಂದು ಸೂರ್ಯನಿಗೆ ಅತಿ ಹತ್ತಿರ ಬಂದಾಗ ಸೆಕೆಂಡಿಗೆ ಸುಮಾರು 300 ಟನ್ ನೀರನ್ನು ಆವಿಯಾಗಿ ಚೆಲ್ಲುತ್ತಿತ್ತು. ನಮ್ಮ ಸೀಮೆಯ ಅಳತೆಯಲ್ಲಿ ಹೇಳುವುದಾದರೆ, ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಆದ್ದರಿಂದ ಅದು ಹತ್ತು ಸಾವಿರ ಕ್ಯೂಸೆಕ್ಕಿಗೂ ಮಿಕ್ಕಿದ ಹರಿವು.

ಹಿರಿಯರು: ಹತ್ತು ಸಾವಿರ ಕ್ಯೂಸೆಕ್! ತುಂಗಭದ್ರಾ ಜಲಾಶಯದ ಒಳಹರಿವು ಅಷ್ಟಿದೆಯೆಂದು ಬೆಳಗಿನ ಪತ್ರಿಕೆಯಲ್ಲಿ ಓದಿದರೆ ಕಾಲುವೆಯ ರೈತರು ಬಿತ್ತನೆಯ ಮಾತಾಡಲು ತೊಡಗುತ್ತಾರೆ. ಅಷ್ಟೂ ನೀರು ಶೂನ್ಯದಲ್ಲಿ ವ್ಯರ್ಥವಾಗಿ ಹೋಯಿತೆ?

ಕಿರಿಯಳು: ಅಂದು ಹೋಯಿತು. ಆದರೆ ನಾಲ್ಕುನೂರು ಕೋಟಿ ವರ್ಷಗಳ ಹಿಂದೆ ಭೂಮಿ ಎಳೆಯದಾಗಿದ್ದಾಗ ಇಂಥ ಶಿಲೆಗಳು ಇಲ್ಲಿಗೆ ಬಂದು ಅಪ್ಪಳಿಸುತ್ತಿದ್ದವು. ನಮ್ಮ ಸಮುದ್ರದ ನೀರು ಅವು ತಂದದ್ದೇ ಎಂಬುದು ಹಳೆಯ ಪ್ರಶ್ನೆ. ಇದನ್ನು ಪರೀಕ್ಷಿಸಲು ಒಂದು ಸೂಕ್ಷ್ಮವಾದ ಒರೆಗಲ್ಲಿದೆ. ಜಲಜನಕದಲ್ಲಿ ಡ್ಯೂಟೀರಿಯಂ ಎಂಬ ಇಮ್ಮಡಿ ತೂಕದ ಬಗೆಯೊಂದಿದೆ. ಸಮುದ್ರದ ನೀರಿನಲ್ಲಿ ಒಂದು ಲಕ್ಷ ಜಲಜನಕಕ್ಕೆ ಅಂಥವು 16ಕ್ಕಿಂತ ತುಸು ಕಡಮೆ. ಅದು ಸೇರಿದ ನೀರಿನ ಅಣುವಿನ ಗೆರೆಗಳು ಸಾಮಾನ್ಯ ನೀರಿನವುಗಳಿಂದ ಬೇರೆಯಾದ್ದರಿಂದ, ಒಣ ಗಾಳಿಯ ಎತ್ತರದ ಬೆಟ್ಟಗಳಿಂದ ಅವು ಕಾಣುತ್ತವೆ. ಜಿಯೋಟ್ಟೋ ಹ್ಯಾಲಿಯ ಅನಿಲವನ್ನು ಹಾಯ್ದು ಅಳೆದಾಗ ಲಕ್ಷಕ್ಕೆ ಸುಮಾರು 30 ಬಂತು. ಹ್ಯಾಕುಟಾಕೆ, ಹೇಲ್-ಬಾಪ್‌ಗಳನ್ನು ಹವಾಯಿಯ ಬೆಟ್ಟದ ಮೇಲಿನ ತಟ್ಟೆಗಳಿಂದ ನೋಡಿದಾಗಲೂ ಹೆಚ್ಚು ಕಡಮೆ ಅಷ್ಟೇ, ಅಂದರೆ ಸಮುದ್ರದ ಎರಡರಷ್ಟು. ಧೂಮಕೇತುಗಳಿಗೂ ಕಡಲಿಗೂ ಸಂಬಂಧವಿಲ್ಲವೆಂದು ಅನೇಕರು ತೀರ್ಮಾನಿಸಿದರು. 2010ರಲ್ಲಿ ಹರ್ಷೆಲ್ ದೂರದರ್ಶಕ ಹಾರ್ಟ್ಲಿ-2 ಎಂಬ ಚಿಕ್ಕ ಧೂಮಕೇತುವನ್ನು ನೋಡಿತು, ಬಂದದ್ದು 16! ತೀರ್ಮಾನ ಮಗುಚಿತು. 2014ರಲ್ಲಿ ರೊಸೆಟ್ಟಾ ತಾನು ಬೆನ್ನತ್ತಿದ ಧೂಮಕೇತುವಿನಲ್ಲಿ ಅಳೆದರೆ 53. ತೀರ್ಮಾನ ಮತ್ತೆ ಮಗುಚಿತು.

ಹಿರಿಯರು: ಒಂದೊಂದು ಧೂಮಕೇತುವನ್ನು ನೋಡಿ ಕುಲಕ್ಕೆಲ್ಲ ತೀರ್ಪು ಕೊಡುವುದೇ ತಪ್ಪು. ಕೂಡ್ಲಿಗಿಯ ಒಂದು ಬಾವಿಯ ನೀರನ್ನು ರುಚಿ ನೋಡಿ ಹಡಗಲಿಯ ಹೊಳೆಯ ನೀರು ಹೀಗೇ ಇದೆಯೆಂದು ಹೇಳಬಹುದೆ?

ಕಿರಿಯಳು: ಅದೇ ನಮ್ಮ ಗುರುಗಳು ಹೇಳುವ ಮಾತೂ. ಈಗಿನ ಹೊಸ ಸಂಗತಿಯನ್ನು ಕೇಳಿ. ಹ್ಯಾಲಿಯ ಬಳಗಕ್ಕೆ ಸೇರಿದ, ಎಪ್ಪತ್ತೊಂದು ವರ್ಷಕ್ಕೊಮ್ಮೆ ಬರುವ ಪಾನ್ಸ್-ಬ್ರೂಕ್ಸ್ ಧೂಮಕೇತು 2024ರ ಏಪ್ರಿಲಿನಲ್ಲಿ ಸೂರ್ಯನನ್ನು ಬಳಸಿತು. ಚಿಲಿಯ ಐದು ಸಾವಿರ ಮೀಟರ್ ಎತ್ತರದ ಮರುಭೂಮಿಯಲ್ಲಿರುವ ಆಲ್ಮಾ ದೂರದರ್ಶಕದ ತಟ್ಟೆಗಳು ಒಂದುಗೂಡಿ ಅದರ ಭಾರಜಲದ ನಕ್ಷೆಯನ್ನೇ ಬರೆದವು. ಬಿಡಿ ತಟ್ಟೆ ಇಡೀ ಅನಿಲವನ್ನು ಒಂದೇ ಮೊತ್ತವಾಗಿ ತೋರಿಸಿದರೆ, ಹೀಗೆ ಕೂಡಿದ ತಟ್ಟೆಗಳು ಯಾವ ಅಣು ಎಲ್ಲಿಂದ ಹೊರಡುತ್ತದೆಂಬುದನ್ನು ಬಿಡಿಸಿ ತೋರಿಸುತ್ತವೆ. ಇದೇ ರೀತಿಯಲ್ಲಿ ಹಿಂದೆ ಬೇರೆ ಧೂಮಕೇತುಗಳಲ್ಲಿ ಹೈಡ್ರೋಜನ್ ಸಯನೈಡ್ ಶಿಲೆಯಿಂದಲೇ ನೇರವಾಗಿ ಬರುತ್ತದೆ, ಫಾರ್ಮಾಲ್ಡಿಹೈಡ್ ಹೊರಗೆ ಹಾರುವ ಯಾವುದೋ ದ್ರವ್ಯ ಒಡೆದು ಹುಟ್ಟುತ್ತದೆ ಎಂದು ತಿಳಿದಿದ್ದರು. ಪಾನ್ಸ್-ಬ್ರೂಕ್ಸಿನಲ್ಲಿ ಸಾಮಾನ್ಯ ನೀರೂ ಭಾರಜಲವೂ ಶಿಲೆಯ ಬಳಿಯಿಂದಲೇ ಬರುತ್ತಿವೆಯೆಂದು ಖಚಿತಪಡಿಸಿಕೊಂಡು ಎಣಿಸಿದಾಗ ಬಂದ ಸಂಖ್ಯೆ ಲಕ್ಷಕ್ಕೆ 17, ನಾಲ್ಕರಷ್ಟು ಆಚೀಚೆ.

ಹಿರಿಯರು: ಎಂದರೆ ನಮ್ಮ ಸಮುದ್ರದ್ದೇ. ಹಾಗಾದರೆ ಮಾಲವಿ ಜಲಾಶಯದಲ್ಲಿ ನಿಂತಿರುವುದೂ, ಕೂಡ್ಲಿಗಿಯವರು ಆಳದಿಂದ ಎತ್ತುವುದೂ ಬಾಲಚುಕ್ಕಿಯ ನೀರೆಂದು ಮಕ್ಕಳಿಗೆ ಹೇಳಲೆ?

ಕಿರಿಯಳು: ಈಗಲೇ ಬೇಡ. ಕೆಲವು ಬಗೆಯ ಉಲ್ಕಾಶಿಲೆಗಳಲ್ಲಿ ಅಡಗಿರುವ ನೀರಿನಲ್ಲಿಯೂ ಹೆಚ್ಚು ಕಡಮೆ ಇದೇ ಪ್ರಮಾಣ ಸಿಕ್ಕಿದೆ. ಹೆಚ್ಚಿನ ಪಾಲು ಅವುಗಳ ಮೂಲಕ ಬಂದಿರಬಹುದೆಂಬ ಪಕ್ಷಕ್ಕೆ ಬಲ ಹೆಚ್ಚು. ಧೂಮಕೇತುಗಳ ಪಾಲೂ ಇದ್ದಿರಬಹುದೆಂಬುದನ್ನು ಪಾನ್ಸ್-ಬ್ರೂಕ್ಸ್ ಹೊಸದಾಗಿ ತೆರೆದಿಟ್ಟಿದೆ, ಅಷ್ಟೆ.

ಹಿರಿಯರು: ಒಂದೇ ಬಳಗದ ಹ್ಯಾಲಿಯಲ್ಲಿ 30, ಪಾನ್ಸ್-ಬ್ರೂಕ್ಸಿನಲ್ಲಿ 17 ಎಂದೆಯಲ್ಲ. ಎರಡೂ ನಿಜವೆ, ಅಳೆದ ರೀತಿಯಲ್ಲಿ ದೋಷವೆ?

ಕಿರಿಯಳು: ಹ್ಯಾಲಿಯನ್ನು ನೌಕೆಯೊಂದು ಕೆಲವೇ ಗಂಟೆಗಳಲ್ಲಿ ಹಾಯ್ದು ಅಳೆಯಿತು, ಪಾನ್ಸ್-ಬ್ರೂಕ್ಸನ್ನು ರೇಡಿಯೋ ತಟ್ಟೆಗಳು ಭೂಮಿಯಿಂದ ಅಳೆದವು. ಒಂದೇ ಧೂಮಕೇತುವನ್ನು ಎರಡೂ ರೀತಿಯಲ್ಲಿ ಅಳೆದಲ್ಲದೆ ಈ ಪ್ರಶ್ನೆ ಇತ್ಯರ್ಥವಾಗದು. ಹ್ಯಾಲಿ ಮತ್ತೆ ಸೂರ್ಯನನ್ನು ಬಳಸುವುದು 2061ರ ಜುಲೈ ಕೊನೆಗೆ. ಅಷ್ಟರೊಳಗೆ 1665 ಮೆಗಾಹರ್ಟ್ಸನ್ನು ಕೇಳಬಲ್ಲ ದೊಡ್ಡ ತಟ್ಟೆಗಳೂ, ಲಡಾಖಿನಂಥ ಒಣ ಎತ್ತರದಲ್ಲಿ ಮಿಲಿಮೀಟರ್ ಅಲೆಗಳ ದೂರದರ್ಶಕವೂ ನಮ್ಮ ದೇಶದಲ್ಲಿ ಆಗಬೇಕೆಂದು ನಾನು ಬರೆಯುತ್ತಿರುವ ಲೇಖನದಲ್ಲಿ ವಾದಿಸಿದ್ದೇನೆ.

ಹಿರಿಯರು: ಅದನ್ನು ಕನ್ನಡದಲ್ಲಿಯೂ ಬರೆ. ಕರಡನ್ನು ನಾನು ತಿದ್ದಿಕೊಡುತ್ತೇನೆ. ಕ್ಯೂಸೆಕ್ಕಿನ ಲೆಕ್ಕವನ್ನು ಮಾತ್ರ ಬಿಡಬೇಡ.